ಲೆಕ್ಕತಂತ್ರಾಂಶ ಮೀಮಾಂಸೆ: ಬರೆದು ಬದುಕುವವರ ಉಪಯೋಗಾರ್ಥ

ಯಾವ ಶಾಸ್ತ್ರವನ್ನೇ ಆರಂಭಿಸಲಿ, ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಲೆಕ್ಕ ಇಡುವ ಸಾಫ್ಟ್‌ವೇರ್. ಪ್ರಯೋಜನ, ಆಡಿಟರ ಮುಂದೆ ಮಾನ ಉಳಿಯುವುದು. ಅಧಿಕಾರಿ, ನೌಕರಿಯ ಹಂಗಿಲ್ಲದೆ ಬರೆದೇ ಬದುಕುತ್ತೇನೆಂದು ಹೊರಟ ಕನ್ನಡ ಲೇಖಕ. ಈತನಿಗೂ ಲೆಕ್ಕಕ್ಕೂ ಏನು ಸಂಬಂಧ ಎಂಬುದೇ ಕಗ್ಗಂಟು. ಅದನ್ನು ಬಿಡಿಸಲೆಂದೇ ಈ ಪ್ರಬಂಧ.

ಪೂರ್ವಪಕ್ಷಿ ಕೇಳುತ್ತಾನೆ: ‘ಸರಸ್ವತಿ ಇರುವಲ್ಲಿ ಲಕ್ಷ್ಮಿ ಇರಳು. ಇಲ್ಲದ್ದನ್ನು ಎಣಿಸಲು ಯಂತ್ರವೇಕೆ? ಮೊಲದ ಕೊಂಬಿಗೆ ಅಳತೆಪಟ್ಟಿ ಕೊಂಡಂತಾಗದೇ?’ ಸಾಧುವಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡೇ ವಚನ ಬರೆದವರು. ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಲೇಖಕ, ಗೋದಾಮು, ಡೆಲಿವರಿ ಮೂರೂ ಒಬ್ಬರೇ. ಡಿವಿಜಿಯವರು 1970ರಲ್ಲಿ ನಾಡು ತಮಗೆ ಅರ್ಪಿಸಿದ ನಿಧಿಯಷ್ಟನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಜಮಾ ಎಷ್ಟೋ ಖರ್ಚೂ ಅಷ್ಟೇ, ಶಿಲ್ಕು ಸೊನ್ನೆ. ಶಿಲ್ಕು ಸೊನ್ನೆಯಾಗುವುದು ನಮ್ಮೆಲ್ಲರ ಪಾಡೇ. ಇಷ್ಟು ಘನವಾಗಿ ಆಗುವುದು ಮಾತ್ರ ಅಪರೂಪ.

ಇನ್ನು ಲೆಕ್ಕಶಾಸ್ತ್ರದ ಇತಿಹಾಸ. ಪಾಶ್ಚಾತ್ಯರು ಇದನ್ನು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥದಿಂದ ಹಿಡಿಯುತ್ತಾರೆ. ಜಮಾ ಖರ್ಚಿನ ಜೋಡಿ ನಮೂದನ್ನು ಅದರಲ್ಲಿ ಬಿಡಿಸಿ ಹೇಳಿದ ಪಾಚೋಲಿ ಒಬ್ಬ ಸನ್ಯಾಸಿ. ಕೈಯಲ್ಲಿ ಕಾಸಿಲ್ಲದವನೇ ಕಾಸಿನ ಶಾಸ್ತ್ರಕ್ಕೆ ಅಧಿಕಾರಿ ಎಂಬ ನನ್ನ ವಾದಕ್ಕೆ ಇದಕ್ಕಿಂತ ಹಳೆಯ ಆಧಾರ ಸಿಕ್ಕಿಲ್ಲ. ನಮ್ಮಲ್ಲಿ ಕಡತವಿತ್ತು: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ. ಒರೆಸಿ ಮತ್ತೆ ಬರೆಯಬಹುದು. ವಾರ್ಷಿಕ ಚಂದಾ ಇಲ್ಲ, ಓಟಿಪಿ ಇಲ್ಲ.

ಆಧುನಿಕ ದರ್ಶನಗಳಲ್ಲಿ ಮೊದಲನೆಯದು ಟ್ಯಾಲಿ. 1986ರಲ್ಲಿ ಹುಟ್ಟಿ ಬೆಂಗಳೂರಲ್ಲೇ ನೆಲೆಯಾದ ಇದನ್ನು, ಗಿರಣಿಗಳಿಗೆ ಸರಕು ಒದಗಿಸುತ್ತಿದ್ದ ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರಕ್ಕೆಂದು ಮಗ ಭರತ್ ಗೋಯೆಂಕಾ ಕಟ್ಟಿದರು. ಪಿತೃಭಕ್ತಿಯ ಈ ಫಲವನ್ನು ಹಳಿಯಲಾರೆ. ಆದರೆ ಅದರಲ್ಲಿ ಪಾವತಿಗೆ ಎಫ್5, ರಸೀದಿಗೆ ಎಫ್6. ಲೇಖಕರ ಕೀಬೋರ್ಡಿನಲ್ಲಿ ಎಫ್5 ಸವೆದು ಅಕ್ಷರ ಅಳಿಸಿಹೋಗುತ್ತದೆ, ಎಫ್6 ಅಂಗಡಿಯಿಂದ ತಂದ ಹೊಳಪಿನಲ್ಲೇ ಉಳಿಯುತ್ತದೆ. ಎರಡನೆಯದು ಮೋಡದಲ್ಲಿ ವಾಸಿಸುವ ಜೋಹೋ ಬುಕ್ಸ್‌ನಂಥ ಪಂಥ. ಬಿಲ್ಲಿನ ಗಡುವು ಮೀರಿದರೆ ಇವು ತಾವಾಗಿಯೇ ನೆನಪೋಲೆ ಕಳುಹಿಸಬಲ್ಲವು. ‘ಮಾನ್ಯರೇ, ನಿಮ್ಮ ಬಾಕಿ 15 ದಿನ ಮೀರಿದೆ’ ಎಂದು ಸಂಪಾದಕರಿಗೆ ಯಂತ್ರವೊಂದು ಬೆಳಗಿನ ಜಾವ ಬರೆದರೆ ಮುಂದಿನ ವಿಶೇಷಾಂಕದಲ್ಲಿ ಯಾರ ಹೆಸರು ಇರುವುದಿಲ್ಲ ಎಂಬುದನ್ನು ಊಹಿಸಲು ತರ್ಕಶಾಸ್ತ್ರ ಬೇಕಿಲ್ಲ. ಮೂರನೆಯದು ಪುಕ್ಕಟೆ ಸಿಗುವ ಗ್ನೂಕ್ಯಾಶ್. ಲೆಕ್ಕ ಹೊಂದದಿದ್ದರೆ ಇದು ತಾನೇ ‘ಇಂಬ್ಯಾಲೆನ್ಸ್’ ಎಂಬ ಖಾತೆ ತೆರೆಯುತ್ತದೆ. ದಿಕ್ಕಿಲ್ಲದ ನಮೂದುಗಳಿಗೆ ‘ಆರ್ಫನ್’, ಅಂದರೆ ಅನಾಥ, ಎಂಬ ಇನ್ನೊಂದು. ಕನ್ನಡ ಲೇಖಕರ ಪೂರ್ಣ ಆತ್ಮಚರಿತ್ರೆಗೆ ಈ ಎರಡು ಖಾತೆ ಸಾಕು.

ಆದರೆ ಇವೆಲ್ಲ ಹೊರಗಿನ ಮಾತು. ನಿಜವಾದ ವಿವಾದವಿರುವುದು ಪ್ರಮಾಣದ ಬಗ್ಗೆ: ಹಣ ಬಂತು ಎಂದು ತಿಳಿಯುವುದು ಹೇಗೆ? ಮರ್ಕೆಂಟೈಲ್ ಪದ್ಧತಿಯವರು ಅನುಮಾನವಾದಿಗಳು. ಲೇಖನ ಅಚ್ಚಾಗಿದೆ, ಬಿಲ್ಲು ಹೋಗಿದೆ, ಆದ್ದರಿಂದ ಹಣ ಬಂದಿದೆ ಎಂದೇ ಬರೆ. ಹೊಗೆ ಇದ್ದಲ್ಲಿ ಬೆಂಕಿ. ನಗದು ಪದ್ಧತಿಯವರು ಚಾರ್ವಾಕರು. ಕಣ್ಣಿಗೆ ಕಂಡರೆ, ಬ್ಯಾಂಕಿನಿಂದ ಮೆಸೇಜು ಬಂದರೆ ಮಾತ್ರ ಜಮಾ. 1961ರ ಆದಾಯ ತೆರಿಗೆ ಕಾಯ್ದೆ 145ನೇ ಕಲಮಿನಲ್ಲಿ ಎರಡೂ ದರ್ಶನಗಳನ್ನು ಒಪ್ಪಿತ್ತು; ಹಿಡಿದದ್ದನ್ನೇ ನಿಯತವಾಗಿ ಪಾಲಿಸಬೇಕು, ವರ್ಷಕ್ಕೊಂದು ಮತಾಂತರ ಸಲ್ಲದು ಎಂಬುದಷ್ಟೇ ನಿಬಂಧನೆ. ಅಂಗಡಿಗೆ ಮೊದಲನೆಯದು ಸರಿ. ನಮಗೆ ಅದು ಅಪಾಯ: ಬಾರದ ಸಂಭಾವನೆಗೂ ಈ ವರ್ಷವೇ ತೆರಿಗೆ ಕಟ್ಟಬೇಕಾದೀತು. ಅಷ್ಟೇ ಅಲ್ಲ, ಹೊಗೆ-ಬೆಂಕಿಯ ವ್ಯಾಪ್ತಿಯೇ ಇಲ್ಲಿ ಮುರಿಯುತ್ತದೆ. ಟಿಡಿಎಸ್ ಹಿಡಿಯಬೇಕಾದವರು ಹಣ ಕೊಟ್ಟಾಗ ಅಥವಾ ತಮ್ಮ ಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮಾ ಬರೆದಾಗ, ಯಾವುದು ಮೊದಲೋ ಆಗ ಹಿಡಿಯಬೇಕು. ಹಾಗಾಗಿ ಹಿಡಿದ ತೆರಿಗೆಯ ಇಲಾಖಾ ಪಟ್ಟಿಯಾದ 26ಎಎಸ್ ತೆರೆದರೆ ಸಂಭಾವನೆಯ ತೆರಿಗೆ ಬಂದು ಕುಳಿತಿರುತ್ತದೆ, ಸಂಭಾವನೆ ಇನ್ನೂ ಹೊರಟಿರುವುದಿಲ್ಲ. ಬೆಟ್ಟದ ಮೇಲೆ ದಟ್ಟ ಹೊಗೆ, ಬೆಂಕಿಯ ಸುಳಿವಿಲ್ಲ. ಪ್ರಾಚೀನ ನೈಯಾಯಿಕರಿಗೆ ಪತ್ರಿಕೆಗಳ ಪರಿಚಯವಿರಲಿಲ್ಲ.

ಸ್ಮೃತಿಗಳನ್ನೂ ನೋಡಬೇಕು. 1962ರ ಆದಾಯ ತೆರಿಗೆ ನಿಯಮಾವಳಿಯ 6ಎಫ್ ಪ್ರಕಾರ, ಪಟ್ಟಿಯಲ್ಲಿರುವ ವೃತ್ತಿಯವರು ನಗದು ಪುಸ್ತಕ, ಖಾತೆ ಪುಸ್ತಕ, 25 ರೂಪಾಯಿ ಮೀರಿದ ಪ್ರತಿ ಬಿಲ್ಲಿನ ಕಾರ್ಬನ್ ಪ್ರತಿ ಇಡಬೇಕಿತ್ತು. ಸಿನಿಮಾದ ಕಥೆಗಾರ, ಸಂಭಾಷಣೆಕಾರ, ಗೀತರಚನಕಾರ ಆ ಪಟ್ಟಿಯಲ್ಲಿದ್ದರು, ಕವಿಯಿರಲಿಲ್ಲ. ಪದ್ಯಕ್ಕೆ ಟ್ಯೂನು ಬಿದ್ದ ಗಳಿಗೆಯಿಂದ ಕಾರ್ಬನ್ ಕಾಗದ ಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಪುಸ್ತಕದ ರಾಯಧನದ ಮೇಲೆ 3 ಲಕ್ಷ ರೂಪಾಯಿವರೆಗೆ ಕಡಿತ ಕೊಡುತ್ತಿದ್ದ 80ಕ್ಯೂಕ್ಯೂಬಿ ಕಲಮು ಇನ್ನೂ ರಸವತ್ತಾದದ್ದು. ಯಾವುದು ಪುಸ್ತಕವಲ್ಲ ಎಂದು ಅದು ಪಟ್ಟಿ ಮಾಡುವಾಗ ಡೈರಿ, ಗೈಡು, ಕರಪತ್ರಗಳ ಸಾಲಿನಲ್ಲೇ ಭಾಷ್ಯವನ್ನೂ ಕೂರಿಸಿತ್ತು. ಶಂಕರ, ರಾಮಾನುಜ, ಮಧ್ವರು ಮಿಕ್ಕೆಲ್ಲದರಲ್ಲೂ ಭಿನ್ನರಾದರೂ ಈ ಕಡಿತ ಸಿಗದಿರುವುದರಲ್ಲಿ ಮೂವರೂ ಒಂದೇ. 2025ರಲ್ಲಿ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆಯೆಲ್ಲ ಬದಲಾಗಿದೆ; ಭಾಷ್ಯ ಬರೆಯಲು ಹೊರಡುವವರು ಮೇಲಿನ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ.

ಇಷ್ಟೆಲ್ಲ ಆದರೂ ಯಾವ ದರ್ಶನದಲ್ಲೂ ಶಾಲಿಗೆ ಖಾತೆಯಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ ನಮ್ಮ ವರಮಾನದ ದೊಡ್ಡ ಪಾಲು. ವೃತ್ತಿಯಿಂದ ಬಂದ ಪ್ರಯೋಜನ ಹಣವಾಗಿ ಬದಲಾಗದಿದ್ದರೂ ಆದಾಯವೇ ಎನ್ನುವ ಕಲಮೊಂದಿದೆ. ಶಾಲು ಅದರೊಳಗೆ ಬರುತ್ತದೆಯೇ ಎಂದು ನಾನಂತೂ ಗಟ್ಟಿಯಾಗಿ ಕೇಳುವುದಿಲ್ಲ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವರಿಗೆ ಮಾತ್ರ ದಾಸ್ತಾನು ವಿಭಾಗವುಳ್ಳ ಸಾಫ್ಟ್‌ವೇರ್ ಬೇಕೇ ಬೇಕು. ಮಂಚದ ಕೆಳಗಿನ ಪ್ರತಿಗಳಿಗೆ ತಗುಲಿದ ವೆಚ್ಚ, ಮಾರಿದರೆ ಬರುವ ಬೆಲೆ, ಎರಡರಲ್ಲಿ ಕಡಿಮೆಯಾದದ್ದನ್ನು ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಎರಡನೆಯದು ಎಷ್ಟೆಂದು ಬೀದಿಯಲ್ಲಿ ತಕ್ಕಡಿ ಹಿಡಿದು ಬರುವವರು ಹೇಳುತ್ತಾರೆ.

ಸಿದ್ಧಾಂತ: ಮಿಕ್ಕ ಲೇಖಕರೆಲ್ಲ ಚಾರ್ವಾಕರಾಗಬೇಕು. ಎಕ್ಸೆಲ್‌ನಲ್ಲಿ ತಾರೀಖು, ಯಾರಿಂದ, ಯಾವ ಬರಹಕ್ಕೆ, ಬಂದದ್ದೆಷ್ಟು, ಟಿಡಿಎಸ್ ಎಷ್ಟು ಎಂಬ ಐದು ಮನೆ ಗೆರೆ ಹಾಕಿ, ರಿಟರ್ನ್ ತುಂಬುವ ಮೊದಲು 26ಎಎಸ್ ಜೊತೆ ತಾಳೆ ನೋಡಿದರೆ ಸಾಕು. ಜಿಎಸ್‌ಟಿ ಸೌಲಭ್ಯವಿದೆ ಎಂದು ಯಾರಾದರೂ ದುಬಾರಿ ಸಾಫ್ಟ್‌ವೇರ್ ಮಾರಲು ಬಂದರೆ, ಸೇವೆಗೆ ಅದರ ನೋಂದಣಿ ಶುರುವಾಗುವುದು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದ ಮೇಲೆ ಎಂದು ಹೇಳಿ ಕಳುಹಿಸಿ. ಆ ಗಡಿ ದಾಟಿದ ಕನ್ನಡ ಲೇಖಕರಿಗೆ ಈ ಶಾಸ್ತ್ರ ಅನ್ವಯಿಸುವುದಿಲ್ಲ. ಅಂಥವರು ಇದ್ದರೆ ದಯಮಾಡಿ ತಮ್ಮ ಪ್ರಕಾಶಕರ ವಿಳಾಸ ತಿಳಿಸಬೇಕಾಗಿ ವಿನಂತಿ.