ಊರಿಗೇ ಬಾರದ ಮಣ್ಣು ಪರೀಕ್ಷಾ ವರದಿಗೆ ಪೂರಿಗಾಲಿಯಿಂದ ಒಂದು ಪತ್ರ

ಮಹಾರಾಜಶ್ರೀ ಮಣ್ಣು ಪರೀಕ್ಷಾ ವರದಿಯವರ ಸನ್ನಿಧಾನಕ್ಕೆ,

ಪೂರಿಗಾಲಿಯಿಂದ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಾವೂ ಫೈಲಿನೊಳಗೆ ಕ್ಷೇಮವೆಂದು ತಿಳಿದು ಸಂತೋಷ. ಯಾವ ಕಾಮಗಾರಿಯ ವರದಿ, ಯಾರು ಬರೆದದ್ದು ಎಂದು ಕೇಳುವವರಿಗೆ ನಾನು ಹೇಳುವುದಿಲ್ಲ. ನಿಮ್ಮಂಥವರು ಒಬ್ಬರೇ ಇದ್ದಿದ್ದರೆ ಹೆಸರು ಹಿಡಿದೇ ಬರೆಯುತ್ತಿದ್ದೆ.

ಕಡಲ ತೀರದ ಉಪ್ಪುಗಾಳಿಯಿಂದ ಇಲ್ಲಿ ನಮ್ಮ ಹೊಲದ ಮೇಲ್ಬದಿಯ ತಡೆಗೋಡೆಯ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದಿದ್ದೀರಿ. ಹನಿ ನೀರಾವರಿ ಯೋಜನೆಗೆ ಹೆಸರು ಕೊಟ್ಟ ಊರು ನಮ್ಮದು; ಹನಿ ಕೇಳಿದವರಿಗೆ ಕಡಲನ್ನೇ ಕೊಟ್ಟ ನಿಮ್ಮ ಔದಾರ್ಯ ದೊಡ್ಡದು. ಮಳವಳ್ಳಿ ತಾಲ್ಲೂಕಿನಲ್ಲಿ ಇಷ್ಟು ದಿನ ಇದ್ದದ್ದು ಶಿವನಸಮುದ್ರ ಒಂದೇ. ಇನ್ನು ರಾಗಿ ಬಿತ್ತುವುದು ಬಿಟ್ಟು ಬಲೆ ಹೆಣೆಯುತ್ತೇವೆ.

ಮೂರು ಕಡೆ ಕೊರೆದಿದ್ದೀರಂತೆ. 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುವ ಕೆಲಸ ಅದು. ನಿಮ್ಮ ಮೂರೂ ಗುಂಡಿಗಳಲ್ಲಿ, ಪ್ರತಿ ಆಳದಲ್ಲೂ, ಏಟಿನ ಲೆಕ್ಕ ಒಂದೇ. ಇಲ್ಲಿ ಅಣ್ಣನ ಹೊಲದ ಬೋರ್‌ವೆಲ್‌ಗೆ 40 ಅಡಿ ಕೇಸಿಂಗ್ ಸಾಕಾದರೆ, ಬದುವಿನಾಚೆ ತಮ್ಮನ ಹೊಲದಲ್ಲಿ 100 ಅಡಿಯೂ ಸಾಲದು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಬೋರ್ ಪಾಯಿಂಟ್ ತೋರಿಸುವವನನ್ನು ಓದಿದವರು ನಗುತ್ತಾರೆ. ಆದರೆ ಅವನು ಕಡೇಪಕ್ಷ ಹೊಲಕ್ಕೆ ಬರುತ್ತಾನೆ ಸ್ವಾಮಿ.

‘ಆರು ಮೀಟರಿಗೆ ಗಟ್ಟಿ ಬಂಡೆ’ ಎಂಬ ಮಾತು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಈ ಸೀಮೆಯ ನೈಸ್ ಶಿಲೆ ಮೇಲಿಂದ ಕೆಳಕ್ಕೆ ಸಮನಾಗಿ ಕೊಳೆಯುವುದಿಲ್ಲ. ಬಿರುಕು ಹಿಡಿದು ನೀರು ಇಳಿದಲ್ಲೆಲ್ಲ ಕಲ್ಲು ಗರಸಾಗುತ್ತದೆ, ನಡುನಡುವೆ ಗುಂಡುಗಳು ಹಾಗೇ ಉಳಿಯುತ್ತವೆ. ಅಂಥ ಗುಂಡುಕಲ್ಲಿಗೆ ಬಿಟ್ ತಾಗಿದ ಕೂಡಲೇ ಬಂಡೆ ಸಿಕ್ಕಿತೆಂದು ಬರೆದು ಗಾಡಿ ಎತ್ತಿಬಿಟ್ಟರೆ, ಕೆಳಗಿರುವ ಗರಸಿನ ಸುದ್ದಿ ಗೋಡೆಗೆ ಗೊತ್ತಾಗುವುದು ಮಳೆಗಾಲದಲ್ಲೇ. ಇನ್ನೂ ಕೆಲವು ಮೀಟರ್ ಕೊರೆದು, ಮೇಲೆ ಬಂದ ಕಲ್ಲಿನ ದಿಂಡುಗಳಲ್ಲಿ 10 ಸೆಂ.ಮೀ.ಗಿಂತ ಉದ್ದದವು ಎಷ್ಟು ಪಾಲು ಎಂದು ಅಳೆಯುವ ಪದ್ಧತಿಯೊಂದುಂಟು. ಅದಕ್ಕೆ ಡೀಸೆಲ್ ಖರ್ಚಾಗುತ್ತದೆ, ನಿಜ.

ನಿದ್ದೆ ಕೆಟ್ಟದ್ದು ಏಕೆಂದರೆ, ತಡೆಗೋಡೆಯ ಆಂಕರ್‌ಗಳೆಲ್ಲ ನಿಮ್ಮನ್ನೇ ನಂಬಿವೆ. ಓರೆಯಾಗಿ ಕೊರೆದು, ಉಕ್ಕಿನ ಎಳೆಗಳನ್ನು ತೂರಿಸಿ, ಒಳತುದಿಯ ಕೆಲವು ಮೀಟರಿಗೆ ಸಿಮೆಂಟ್ ಹಾಲು ತುಂಬಿ, ಅದು ಬಿಗಿದುಕೊಂಡ ಮೇಲೆ ಜಾಕ್ ಹಾಕಿ ಎಳೆದು ಗೋಡೆಗೆ ಕಟ್ಟುತ್ತಾರೆ. ಹೋರಿಗೆ ಎಂಥ ಹಗ್ಗ ತಂದರೇನು, ಗೂಟ ಹೊಡೆದದ್ದು ಕೆಸರಿನಲ್ಲಾದರೆ? ಫ್ರೆಂಚ್ ಎಂಜಿನಿಯರ್ ಆಂದ್ರೆ ಕ್ವಾನ್ 1934ರಲ್ಲಿ ಅಲ್ಜೀರಿಯಾದ ಶರ್ಫಾ ಅಣೆಕಟ್ಟೆಯನ್ನು ಹೀಗೆಯೇ ತಳದ ನೆಲಕ್ಕೆ ಬಿಗಿದ, ಒಂದೊಂದು ಆಂಕರಿನ ಎಳೆತ ಸುಮಾರು 1000 ಟನ್. ಪಾಪ, ಅವನಿಗೆ ಕಾಪಿ-ಪೇಸ್ಟ್ ಸೌಲಭ್ಯವಿರಲಿಲ್ಲ.

ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಕೆಳಗಿನ ತಡೆಗೋಡೆ 2022ರ ಮಳೆಗೆ ಹೊಟ್ಟೆ ಬಿಟ್ಟಾಗ ಮರಳಿನ ಮೂಟೆ ಒಟ್ಟಿದ್ದನ್ನು ಪೇಪರಿನಲ್ಲಿ ನೋಡಿದ್ದೆವು. ಅದು ಬೇರೆ ಜಾತಿಯ ಗೋಡೆ, ಬಿಡಿ. ಗೋಡೆಯ ಹಿಂದೆ ನಿಲ್ಲುವ ನೀರಿಗೆ ಜಾತಿ ಗೊತ್ತಾಗುವುದಿಲ್ಲ. ನೀವೋ ‘ಅಂತರ್ಜಲ ಕಂಡುಬಂದಿಲ್ಲ’ ಎಂದು ಷರಾ ಬರೆದಿದ್ದೀರಿ, ತಾರೀಖು ಏಪ್ರಿಲ್‌ನದು. ಏಪ್ರಿಲ್‌ನಲ್ಲಿ ನಮಗೂ ಕಂಡುಬರುವುದಿಲ್ಲ.

ಕೋಟಿಗಟ್ಟಲೆಯ ಅಂದಾಜುಪಟ್ಟಿಯಲ್ಲಿ ನಿಮ್ಮ ಬಾಬ್ತು ಕೈಬೆರಳಿನ ಉಗುರಷ್ಟು. ಉಳಿತಾಯದ ಕತ್ತರಿ ಮೊದಲು ಬೀಳುವುದೂ ಅಲ್ಲಿಗೇ. ಇಲ್ಲಿ ಕೈಸಾಲ ಮಾಡಿ ಬೋರ್ ಹಾಕಿಸುವ ರೈತ ರಾತ್ರಿಯಿಡೀ ಗಾಡಿಯ ಪಕ್ಕ ಕೂತು, ಬರುವ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಾನೆ. ಆ ಅಂಗೈಯನ್ನು ವರದಿಗೆ ಲಗತ್ತಿಸಲು ಬರುವುದಿಲ್ಲವೆಂದು ಕಾಣುತ್ತದೆ.

ಅಕ್ಟೋಬರ್ ಮಳೆ ಹಿಡಿದಾಗ ಒಮ್ಮೆ ದಯಮಾಡಿಸಿ. ಗಾಡಿ ಒಳಗೆ ಬರಲು ಬೇಲಿ ಕಿತ್ತುಕೊಡುತ್ತೇವೆ, ಮುದ್ದೆ, ಬಸ್ಸಾರಿಗೂ ಕೊರತೆಯಿಲ್ಲ. ಮೀನು ಮಾತ್ರ ನೀವೇ ನಿಮ್ಮ ಕಡಲಿನಿಂದ ತರಬೇಕು.

ಇಂತಿ ತಮ್ಮ ವಿಧೇಯ,
ಗೋಡೆಯ ಕೆಳಗಿನ ಹೊಲದವನು