ಸಸ್ಯರೋಗ ಕಲಿಸುವ ಮೇಷ್ಟ್ರಿಗೆ, ಅಡಿಕೆ ತೋಟದಿಂದ

ಕೃಷಿ ವಿಶ್ವವಿದ್ಯಾಲಯಗಳ ಸಸ್ಯರೋಗಶಾಸ್ತ್ರದ ಪ್ರಾಧ್ಯಾಪಕರಿಗೆ,

ಹೋದ ಮಳೆಗಾಲದ ಆರಂಭದಲ್ಲಿ ಪಕ್ಕದ ಮನೆ ಹುಡುಗ ಫೋನ್ ಹಿಡಿದುಕೊಂಡು ಬಂದ. ಅವನ ಅಪ್ಪ ಕಾಲು ಉಳುಕಿ ಮಲಗಿದ್ದರು, ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುವ ಕೆಲಸ ಅವನ ತಲೆಗೆ ಬಂದಿತ್ತು. 'ಅಣ್ಣಾ, ಒಂದು ಕೆಜಿ ಮೈಲುತುತ್ತಿಗೆ ಅರ್ಧ ಕೆಜಿ ಸುಣ್ಣ ಸಾಕಂತೆ, ಹೌದಾ?' ವಾಟ್ಸಾಪಿನಲ್ಲಿ ಯಾರೋ ಹಾಗೆ ಕಳಿಸಿದ್ದರು.

ನಾವು ಅಂಗಳದಲ್ಲೇ ಕೂತು ಕದಡಿದೆವು. ಒಂದು ಕೆಜಿ ಮೈಲುತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತಕ್ಕೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದೆವು. ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯಲು ಹೇಳಿದೆ. ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. ಮನೆಯಲ್ಲಿದ್ದ ಸುಣ್ಣ ಹಳೆಯದು, ಸತ್ವ ಕಳೆದುಕೊಂಡಿತ್ತು. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿದಾಗ ಅಲಗು ಅಲಗಾಗೇ ಇತ್ತು. ಹುಳಿ ಉಳಿದ ದ್ರಾವಣ ಹೊಡೆದರೆ ಎಳೆ ಕಾಯಿ ಸುಡುತ್ತದೆ ಎಂದು ನಾನು ಅವನಿಗೆ ಹೇಳಿದೆ. ನನಗೆ ಅದನ್ನು ಹೇಳಿಕೊಟ್ಟವರು ನಿಮ್ಮಂಥವರೇ, ಒಂದು ತರಬೇತಿ ಶಿಬಿರದಲ್ಲಿ.

ಆ ಹುಡುಗ ಶಿಬಿರಕ್ಕೆ ಬರುವವನಲ್ಲ. ನಿಮ್ಮ ಕೈಪಿಡಿ ಇಲಾಖೆಯ ಬೀರುವಿನಲ್ಲಿದೆ. ಅವನಿಗೆ ಸಿಗುವುದು ಫೋನಿನಲ್ಲಿ ಮೊದಲು ಬರುವ ಪುಟ. ಅದಕ್ಕಾಗಿ ಈ ಪತ್ರ: ದಯವಿಟ್ಟು ಕನ್ನಡ ವಿಕಿಪೀಡಿಯಕ್ಕೆ ಬನ್ನಿ. ನಿಮ್ಮ ವಿಷಯದ ಪುಟಗಳನ್ನು ನೀವೇ ತಿದ್ದಿ, ಬೆಳೆಸಿ.

ಈ ವಿದ್ಯೆ ನಮ್ಮ ಮಣ್ಣಿಗೆ ಎಷ್ಟು ಋಣಿ ಎಂಬುದು ನಿಮಗೇ ಚೆನ್ನಾಗಿ ಗೊತ್ತು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ.ಸಿ. ಕುಕ್ ಕಾಫಿ ಗಿಡದ ರೋಗಾಣುವಿಗೆ ಹೆಸರಿಡುವಾಗ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದು ನಮ್ಮ ರೈತರ ಮಾತನ್ನೇ ಲ್ಯಾಟಿನ್‌ಗೆ ಸೇರಿಸಿದರು. 1910ರಲ್ಲಿ ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಪ್ರಬಂಧ ಬರೆದರು, ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಅದಕ್ಕೂ ಮುಂಚೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದ ನಮ್ಮ ಅಜ್ಜಂದಿರ ಉಪಾಯವೂ ಉಂಟು. ಕನ್ನಡದ ಪದ ಜಗತ್ತಿನ ಗ್ರಂಥಗಳಿಗೆ ಹೋಯಿತು. ಅದರ ಹಿಂದಿನ ತಿಳಿವಳಿಕೆ ಕನ್ನಡಕ್ಕೆ ಪೂರ್ತಿ ಮರಳಿಲ್ಲ ಎಂಬ ಸಂಕಟ ನನ್ನದು.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಂದಿನಿಂದ ಹೆಚ್ಚಿನ ಕೆಲಸ ನಡೆಸಿಕೊಂಡು ಬಂದವರು ಸಂಬಳವಿಲ್ಲದ ಉತ್ಸಾಹಿಗಳು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಶಿಲೀಂಧ್ರದ ಬೀಜಕಣ ಹೇಗೆ ಹರಡುತ್ತದೆ ಎಂಬುದನ್ನು ಅವರು ಎಲ್ಲಿಂದ ತರಬೇಕು? ಯಂತ್ರದ ಸಹಾಯದಿಂದ ಇಂಗ್ಲಿಷಿನಿಂದ ಇಳಿಸಿದ ಪುಟಗಳೂ ಅಲ್ಲಿವೆ, ಓದಿದರೆ ವಾಕ್ಯದ ತಲೆಬುಡ ಸಿಗದು. ವಿಷಯ ಬಲ್ಲವರು ಒಂದು ಮಧ್ಯಾಹ್ನ ಕೂತರೆ ಅಂಥ ಪುಟ ನೆಟ್ಟಗಾಗುತ್ತದೆ.

ನಿಮ್ಮಲ್ಲಿ ಕೆಲವರು ಒಮ್ಮೆ ಪ್ರಯತ್ನಿಸಿ ನೊಂದು ಹೊರಟುಹೋಗಿದ್ದೀರಿ. ನೀವು ಬರೆದ ಸಾಲನ್ನು ಯಾವನೋ ಕಾಲೇಜು ಹುಡುಗ 'ಆಧಾರವಿಲ್ಲ' ಎಂದು ತೆಗೆದುಹಾಕಿದ. ಮೂವತ್ತು ವರ್ಷ ಅದನ್ನೇ ಕಲಿಸಿದವರಿಗೆ ಅದು ಬೇಸರದ ವಿಷಯವೇ. ಆದರೂ ಅಲ್ಲಿ ನಿಮ್ಮ ಮಾತಿಗೂ ನನ್ನ ಮಾತಿಗೂ ಅಚ್ಚಾದ ಆಧಾರ ಬೇಕು, ಸ್ವಂತ ಸಂಶೋಧನೆಯನ್ನು ಅಲ್ಲಿ ಮೊದಲು ಪ್ರಕಟಿಸುವಂತಿಲ್ಲ. ಆ ವಾಟ್ಸಾಪ್ ಸಂದೇಶದಂಥದ್ದು ಒಳಗೆ ಬರದಂತೆ ತಡೆಯುವುದೂ ಅದೇ ನಿಯಮ. ಪಠ್ಯಪುಸ್ತಕ, ವಿಮರ್ಶಾ ಲೇಖನಗಳ ಪುಟಸಂಖ್ಯೆ ನಿಮ್ಮ ಕೈಯಲ್ಲೇ ಇರುತ್ತದೆ. ನಮಗೆ ಅದು ಸಿಗುವುದೇ ಇಲ್ಲ. ನೇರವಾಗಿ ತಿದ್ದಲು ಹಿಂಜರಿಕೆಯಾದರೆ ಚರ್ಚೆ ಪುಟದಲ್ಲಿ 'ಇಲ್ಲಿ ಪ್ರಮಾಣ ತಪ್ಪಿದೆ, ಈ ಪುಸ್ತಕ ನೋಡಿ' ಎಂದು ಎರಡು ಸಾಲು ಬರೆಯಿರಿ. ಉಳಿದದ್ದನ್ನು ಅಲ್ಲಿನ ಉತ್ಸಾಹಿಗಳು ಮಾಡುತ್ತಾರೆ.

ಬಡ್ತಿಗೆ ಇದರಿಂದ ಅಂಕ ಬರುವುದಿಲ್ಲ ಎಂದು ಬಲ್ಲೆ. ಆದರೂ ಒಂದು ದಾರಿಯುಂಟು: ನಿಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದೊಂದು ರೋಗ ಹಂಚಿ, ಕನ್ನಡದಲ್ಲಿ ಬರೆಸಿ, ನೀವು ತಿದ್ದಿಕೊಡಿ. ಬರೆದವರ ಭಾಷೆಯೂ ಹದವಾಗುತ್ತದೆ.

ಮುಂಗಾರು ಹತ್ತುವ ಮೊದಲೇ ಮೊದಲ ಸಿಂಪರಣೆ ಆಗಬೇಕು, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಆ ಹುಡುಗ ಈ ಸಲ ಮೇ ತಿಂಗಳಲ್ಲೇ ಹುಡುಕುತ್ತಾನೆ. ಅಷ್ಟರೊಳಗೆ ಕತ್ತಿಯ ಅಲಗಿನ ಪರೀಕ್ಷೆ ಆಧಾರ ಸಮೇತ ವಿಕಿಪೀಡಿಯದ ಬೋರ್ಡೋ ದ್ರಾವಣದ ಪುಟದಲ್ಲಿರುವಂತೆ ನೋಡಿಕೊಳ್ಳುತ್ತೀರಾ?

ಇಂತಿ,
ನಿಮ್ಮ ಶಿಬಿರದಲ್ಲಿ ಕಲಿತ ಒಬ್ಬ ಅಡಿಕೆ ಬೆಳೆಗಾರ