ಕಂಬಳಿಯೊಳಗಿಂದಲೇ ಸ್ಟಾರ್ಟ್!

ಜನವರಿಯ ಮಿನ್ನಿಯಾಪೊಲಿಸ್‌ನಲ್ಲಿ ಮೈನಸ್ 20 ಡಿಗ್ರಿ ಅಂದರೆ ಮೂಗಿನ ಕೂದಲೂ ಸೆಟೆದು ನಿಲ್ಲುತ್ತದೆ. ಅಲ್ಲಿರುವ ನಮ್ಮ ಭಾವನವರಿಗೆ ಕಂಬಳಿಯೊಳಗಿಂದಲೇ ಕಾರು ಬೆಚ್ಚಗೆ ಮಾಡುವ ಆಸೆ. ಗುಂಡಿ ಒತ್ತಿದರೆ ಹೊರಡುವ ಕಾರು ತಾನೇ, ದೂರದಿಂದ ಒತ್ತುವ ಇನ್ನೊಂದು ಗುಂಡಿ ಸೇರಿಸಿದರಾಯಿತು ಎಂಬ ಲೆಕ್ಕಾಚಾರ. ಆದರೆ ಕಾರು ಕಳ್ಳತನ ತಡೆಯುವ ಇಮೊಬಿಲೈಸರ್ ಬಲು ಖಡಕ್ ಕಾವಲುಗಾರ. ಕೀ ಫೋಬ್‌ನ ಸಂಕೇತ ಸಿಗದೆ ಎಂಜಿನ್ ಕೆಮ್ಮಲೂ ಬಿಡದು. ಅದನ್ನು ಒಪ್ಪಿಸಲು ಬೈಪಾಸ್ ಮಾಡ್ಯೂಲ್ ಬೇಕು. (ಬಿಲ್ ನೋಡಿ ಅಕ್ಕ ಕೆಮ್ಮಿದ್ದು ಬೇರೆ ಮಾತು.) ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ, ಬಣ್ಣಬಣ್ಣದ ವೈರು ಹಿರಿದು ಜೋಡಿಸಿದ.

ಈಗ ಕಾರು ಬೆಚ್ಚಗಿರುತ್ತದೆ, ನಿಜ. ಆದರೆ ಕೆಲವು ಮಾಡೆಲ್‌ಗಳಲ್ಲಿ ಬಾಗಿಲು ತೆಗೆದೊಡನೆ ಎಂಜಿನ್ ಆರುತ್ತದೆ. ಇವರದೂ ಅದೇ ಜಾತಿ. ಮತ್ತೆ ಬ್ರೇಕ್ ತುಳಿದು ಗುಂಡಿ ಒತ್ತಬೇಕು.

"ಸೀಟು ಬಿಸಿ ಇದೆಯಲ್ಲ" ಅಂತಾರೆ ಭಾವ.

"ಕಾರಿಗಿಷ್ಟು ಅಕ್ಕರೆ ತೋರಿಸೋರು ನನಗೆ ಒಂದಿನಾನಾದ್ರೂ ಬಿಸಿ ಕಾಫಿ ಕೊಟ್ಟಿದ್ದೀರಾ?" ಅಂತಾಳೆ ಅಕ್ಕ.